ಆರು ಸಾವಿರದ ಅಗಲ

ಸೂರ್ ಪಟ್ಟಣದ ಈ ಕೋಣೆಯಲ್ಲಿ
ನನ್ನ ಪಾಲಿಗೆ ಬಂದದ್ದು ಒಂದು ಮಂಚದಗಲ.
ತಿಂಗಳಿಗೆ ಹದಿನೆಂಟು ರಿಯಾಲ್,
ಕರೆಂಟು ಸೇರಿ, ಗ್ಯಾಸಿಗೆ ಬೇರೆ.
ನಡುವೆ ಒಂದು ಹೂವಿನ ಪರದೆ. ಅದರಾಚೆ
ಫಿರೋಜ್‌ಪುರದ ಪೈಂಟರ್;
ಅವನು ಫೋನಿನಲ್ಲಿ ಹೆಂಡತಿಯ ಮೇಲೆ ರೇಗಿದರೆ
ಸಿಟ್ಟು ಬಂದು ಬೀಳುವುದು ನನ್ನ ದಿಂಬಿನ ಮೇಲೆ.
ಬ್ಯಾಂಡ್‌ವಿಡ್ತ್ ಅಂದರೇನು ಗೊತ್ತೇ
ಎಂದು ಖಲ್ಫಾನ್ ಉಸ್ತಾದರು ಕೇಳಿದ ದಿನ
ನೆನಪಾದದ್ದು ಈ ಪರದೆ.

ಶುಕ್ರವಾರ ಐಸ್ ಪ್ಲಾಂಟಿಗೆ ರಜೆ.
ಅಳಿವೆಯ ಸೇತುವೆ ದಾಟಿ ಅಯ್ಜಾಕ್ಕೆ ಹೋಗುತ್ತೇನೆ.
ದೀಪಸ್ತಂಭದ ಹಿಂದಿನ ಸಂದಿಯಲ್ಲಿ ಅವರ ಮನೆ,
ತಾರಸಿಯ ಮೇಲೆ ತಾಮ್ರದ ತಂತಿ,
ತಂತಿಯ ಕೆಳಗೆ ಒಣಗಲು ಬಿಟ್ಟ ತಾಟೆ ಮೀನು.
ಮೂವತ್ತು ವರ್ಷ ಹಡಗಿನ ರೇಡಿಯೋ ನೋಡಿಕೊಂಡ ಕೈ
ಈಗ ಖಾವಾ ಸುರಿಯುವಾಗ ನಡುಗುತ್ತದೆ.
ನಾಬ್ ಹಿಡಿದರೆ ನಡುಗುವುದಿಲ್ಲ.

ಮೇಜಿನ ಧೂಳಿನಲ್ಲಿ ಬೆರಳಾಡಿಸಿ
ಅರಬಿ ಬೆರೆತ ಹಿಂದಿಯಲ್ಲಿ ಹೇಳಿದರು:
ನಡುವೆ ನೆಟ್ಟಗೆ ಒಂದು ಗೂಟ, ಅದು ಕ್ಯಾರಿಯರ್.
ಎಡಕ್ಕೊಂದು ದಿಬ್ಬ, ಬಲಕ್ಕೊಂದು ದಿಬ್ಬ,
ಒಂದಕ್ಕೆ ಇನ್ನೊಂದು ಕನ್ನಡಿ.
ನಿನ್ನ ದನಿ ಮೂರು ಸಾವಿರದವರೆಗೆ ಕುಣಿದರೆ
ಆಚೆ ಮೂರು, ಈಚೆ ಮೂರು,
ಆಕಾಶದಲ್ಲಿ ಆರು ಸಾವಿರದ ಜಾಗ ಬೇಕು.
ಗೂಟ ಮಾತಾಡುವುದಿಲ್ಲ.
ನೀನು ಗಂಟಲು ಹರಿದುಕೊಂಡರೂ
ಮೂರರಲ್ಲಿ ಎರಡು ಪಾಲು ಊಟ ಅದಕ್ಕೇ.

ನಮ್ಮ ಫೋರ್‌ಮನ್ ಹಾಗೆ, ಅಂದೆ.
ಅವರು ನಗಲಿಲ್ಲ.

ಹೊಸ ಮೈಕು ನಾನೇ ಕಟ್ಟಿದೆ,
ರುವಿಯಿಂದ ಬಿಡಿಭಾಗ ತರಿಸಿ, ರಾತ್ರಿಯೆಲ್ಲ ಬೆಸುಗೆ ಹಾಕಿ.
ನನ್ನ ಹೆಸರು ಶೇಷಪ್ಪ.
ಆ ಹೆಸರಿನ ಎರಡೂ ಉಸಿರು, 'ಶ'ವೂ 'ಷ'ವೂ,
ಎಳ್ಳಷ್ಟೂ ಸವೆಯದೆ ಕಡಲು ದಾಟಬೇಕು ಅಂತ ಆಸೆ.
ಗೇನ್ ಏರಿಸಿದೆ. ಮುಳ್ಳು ಕೆಂಪು ಮುಟ್ಟಿತು.
ಎದೆ ಒಂದು ಗೇಣು ಉಬ್ಬಿತು.

ಆಗ ಪಕ್ಕದ ಕಂಪನಾಂಕದಿಂದ ಒಬ್ಬ ಹೆಂಗಸು,
ಮಸೀರಾದ ಆಚೆ ಹಾಯಿದೋಣಿಯಲ್ಲಿ ಒಬ್ಬಳೇ ಇದ್ದವಳು,
ಬೈಯದೆ, ದಣಿದ ದನಿಯಲ್ಲಿ:
"ಗೆಳೆಯಾ, ಗಾಳಿಯ ವರದಿ ಬರೆದುಕೊಳ್ಳುತ್ತಿದ್ದೆ.
ಅಂಕಿಗಳ ಮೇಲೆಲ್ಲ ನಿನ್ನ ಸಿಳ್ಳು ಚೆಲ್ಲಿದೆ.
ಇಪ್ಪತ್ತು ನಾಟೋ, ನಲವತ್ತೋ,
ನನಗೆ ಕೇಳಲೇ ಇಲ್ಲ."

ನನ್ನ ಹೆಸರು ಅಷ್ಟು ಅಗಲ ಎಂದು ಗೊತ್ತಿರಲಿಲ್ಲ.

ಉಸ್ತಾದರು ಗೇನ್ ಇಳಿಸಿದರು, ಫಿಲ್ಟರ್ ಹಾಕಿದರು.
ಆಸಿಲೋಸ್ಕೋಪಿನಲ್ಲಿ
ಸೊಂಟ ಮುರಿದು ತುಂಡಾಗುತ್ತಿದ್ದ ಅಲೆ ಮತ್ತೆ ಕೂಡಿಕೊಂಡಿತು.
ಮೂರು ಸಾವಿರದಾಚೆ ಇದ್ದದ್ದಕ್ಕೆಲ್ಲ ಕತ್ತರಿ.
ಸೊಹಾರಿನಿಂದ ಉತ್ತರ ಬಂತು:
"ಸ್ಪಷ್ಟ ಕೇಳುತ್ತಿದೆ, ಫೇಫಪ್ಪಾ!"
ಹೋದದ್ದು ಅಂಚಿನ ಉಸಿರು. ಉಳಿದದ್ದು ನಾನು.
ಶೇಷ ಎಂದರೂ ಅದೇ ತಾನೆ.

ಮೇ ತಿಂಗಳಲ್ಲಿ ಮಸ್ಕತ್ತಿನ ಆಸ್ಪತ್ರೆಯವರು
ಉಸ್ತಾದರ ಗಂಟಲಿನ ಗಡ್ಡೆ ತೆಗೆದರು,
ಜೊತೆಗೆ ದನಿಯನ್ನೂ.
ಆಮೇಲೆ ಐದು ಶುಕ್ರವಾರ ನಾನು ಅಯ್ಜಾಕ್ಕೆ ಹೋಗಲಿಲ್ಲ.
ಏನಂತ ಮಾತಾಡುವುದು?
ಐದೂ ವಾರ ಬಟ್ಟೆ ಒಗೆದೆ.

ಇವತ್ತು ರಾತ್ರಿ ಹತ್ತೂಕಾಲು.
ಮಂಚದಲ್ಲಿ ಅಂಗಾತ, ಎದೆಯ ಮೇಲೆ ರಿಸೀವರ್.
ಬ್ಯಾಂಡಿನ ಕರಕರ, ಎಸಿಯ ಗೊಣಗಾಟ.
ಥಟ್ಟನೆ ಕರಕರ ನಿಂತಿತು.
ಮುಳ್ಳು ಎದ್ದು ನಿಂತಿದೆ, ಮಾತಿಲ್ಲ.
ಎಡಕ್ಕೆ ದಿಬ್ಬವಿಲ್ಲ, ಬಲಕ್ಕೆ ದಿಬ್ಬವಿಲ್ಲ,
ನಡುವಿನ ಗೂಟ ಮಾತ್ರ,
ಅಗಲ ಒಂದು ಕೂದಲೆಳೆಯೂ ಅಲ್ಲ.
ಕರೆಗುರುತು ಹೇಳದೆ ಹೀಗೆ ನಿಲ್ಲುವುದು ನಿಯಮಕ್ಕೆ ವಿರುದ್ಧ.
ಆ ನಿಯಮ ಕಲಿಸಿದವರು ಅವರೇ.

"ಯಾಕೆ ಭಾಯಿ, ರೇಡಿಯೋ ಕೆಟ್ಟಿತಾ?"
"ಇಲ್ಲ. ಕೇಳು."
ಪೈಂಟರ್ ಪರದೆ ಸರಿಸಿ ಬಂದ, ಕಿವಿಯಿಟ್ಟ,
ಉಸಿರು ಹಿಡಿದು ಸ್ವಲ್ಪ ಹೊತ್ತು ನಿಂತ.
"ಏನೂ ಇಲ್ಲವಲ್ಲ," ಅಂದ.

ನಾಳೆ ಶುಕ್ರವಾರ.
ಖರ್ಜೂರ ಒಯ್ಯುವುದೋ,
ನುಂಗಲು ಹಗುರವಾಗಲೆಂದು ಮಾಗಿದ ಬಾಳೆಹಣ್ಣೋ.