ಉಡಿ

‘ಅಕ್ಕಲಕೋಟ’ ಅಂತ ಒತ್ತಿದರ
ಮೊದಲ ಅ ಬರತದ.
ಕ ಬರತದ.
ಅದರ ಒತ್ತು, ನಾ ಚಾ ಕುಡದು
ಬಶಿ ತೊಳದು ಬಂದ ಮ್ಯಾಲ
ಸಾವಕಾಶ ಬಂದು ಕಾಲಾಗ ಕೂಡತದ.

ಹದಿನೈದ ವರ್ಷದ ಡಬ್ಬಿ ಇದು.
ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿ, ಹಿಟ್ಟಿನ ಗಿರಣಿ ಬಾಜೂಕ,
ಕೀಬೋರ್ಡಿನ ಮ್ಯಾಲ ಜೋಳದ ಹಿಟ್ಟ ಕುಂತು
ಮುಂಜಾನೆ ನನ್ನ ಬೆರಳ ಗುರುತ ಮೂಡತಾವ.
ಎಷ್ಟ ಲಗ್ನಪತ್ರಿಕಾ, ಎಷ್ಟ ಭಾವಪೂರ್ಣ ಶ್ರದ್ಧಾಂಜಲಿ,
ಹುಡುಗಿ ಕಡಿಯವರಿಗೆ ಒಂದ ಲಿಪಿ, ಹುಡುಗನ ಕಡಿಯವರಿಗೆ ಇನ್ನೊಂದ,
ಎಲ್ಲಾ ಹೊತ್ತದ.
ಸಾಲಿ ಸ್ಮರಣಿಕಾ ಬಂದ ಮ್ಯಾಲ ಮಾತ್ರ
ನಲವತ್ತನೇ ಪುಟಕ್ಕ ಉಸರ ಹಿಡದು ನಿಂತಬಿಟ್ಟದ.

ನೂರ ವರ್ಷದ ಕನ್ನಡ ಸಾಲಿ.
ಬಸಲಿಂಗ ಮಾಸ್ತರ ಕೈಲೆ ಬರದ ತಂದ ಯಾದಿ,
ಹಾಳಿ ಅಂಚ ಮೆತ್ತಗಾಗ್ಯಾವ.
ದಿನಾ ಹತ್ತಕ್ಕ ಬಂದು ಸ್ಟೂಲ ಮ್ಯಾಲ ಕೂತು
ಪರದೇದಾಗ ತಿರಗೂ ಚಕ್ರ ನೋಡತಾರ
ಗಾಣದ ಎತ್ತಿನ ನೋಡಿಧಾಂಗ.

ಚಾಂದಸಾಬ ನದಾಫ ಸೋಲಾಪುರದಿಂದ ಬಂದ,
ಕಿಸೇದಾಗ ಎರಡ ಪಟ್ಟಿ.
ಮೊದಲನೇದು ಕೂಡಲಿಲ್ಲ.
ಕಚ್ಚು ಒಂದ ಜೋಳದ ಕಾಳಿನಷ್ಟ ಅತ್ಲಾಗ ಇತ್ತು.
ತುಸು ಜೋರಿಲೆ ಒತ್ತಿ ನೋಡೋ, ಅಂದೆ.
‘ಒತ್ತಿದರ ಮುರೀತದ ಅಕ್ಕಾ,
ಇದು ಬ್ಯಾರೆ ಪೀಳಿಗಿದು’ ಅಂದು ತೆಗದ.

ಎರಡನೇದು ಯಾವುದೋ ಬ್ಯಾಂಕಿನ ಹರಾಜಿಂದು.
ನನ್ನ ಮಗಳ ಕಂಪಾಸಿನ ರಬ್ಬರ ಇಸಗೊಂಡು
ಅದರ ಬಂಗಾರದ ಹಲ್ಲ ತಿಕ್ಕಿದ,
ಇದ್ದ ಪಟ್ಟಿ ಕಿತ್ತು, ಆ ಜಾಗಾದಾಗ ಇಟ್ಟು
ಆ ತುದಿಗೊಮ್ಮೆ ಈ ತುದಿಗೊಮ್ಮೆ ಹೆಬ್ಬೆರಳ ಊರಿದ.
ಟಕ್. ಟಕ್.
ಬಟನ್ ಹಾಕಿದರ ಪೀಂ ಪೀಂ ಪೀಂ.
‘ಕೂಸು ಒಲ್ಲೆ ಅಂತದ.’
ಮತ್ತ ತೆಗದ, ಮತ್ತ ತಿಕ್ಕಿದ, ಬಾಯಿಲೆ ಊದಿದ.

ಮಾಸ್ತರ ಗಾಬರ್ಯಾದರು: ಹಾಂಗಾದರ ಇಷ್ಟ ದಿನಾ ಹೊಡದ ಹೆಸರೆಲ್ಲಾ
ಆ ತೆಗದ ಪಟ್ಟಿಯೊಳಗ ಹೋದವೇನವಾ?
ಇಲ್ಲರಿ ಸರ್.
ಹೆಸರ ಇರೂದು ಹಗೇವಿನಾಗ, ನೆಲದ ಕೆಳಗ, ಕತ್ತಲದಾಗ.
ಇದು ಉಡಿ.
ಹಗೇವಿನಿಂದ ತಂದ ಕಾಳ ಹಸನ ಮಾಡೂತನಕ ಹಿಡಕೋತದ,
ಲೈಟ ಹೋತಂದ್ರ ಝಾಡಿಸಿ ಏಳತದ,
ಒಂದ ಕಾಳೂ ಉಳಿಯೂದಿಲ್ಲ.
ಉಡಿ ಸಣ್ಣದಿತ್ತು, ಸರ್. ನಿಮ್ಮ ಸಾಲಿ ಹಿಡಸಲಿಲ್ಲ.

ಮೂರನೇ ಸಲಕ್ಕ ಒಂದ ಪೀಂ. ಬರೇ ಒಂದ.
ನಲವತ್ತನೇ ಪುಟ ಬಂತು, ನಲವತ್ತೊಂದು,
ಒತ್ತಕ್ಷರ ಬೆರಳಿನ ಬೆನ್ನ ಹತ್ತಿ ಬಂದವು,
ದೀರ್ಘ, ಕೊಂಬು, ಸುಳಿ,
ಸಾಲಿ ಬಿಟ್ಟಾಗ ಬಾಗಿಲಾಗ ನೂಕ್ಯಾಡೂ ಹುಡುಗರಂಗ.

‘ಇಯತ್ತಾ ಮೂರು, ಐವತ್ತೆಂಟನೇ ಇಸ್ವಿ.
ಅಲ್ಲೊಂದ ಬಿಟ್ಟೀನಿ ನಾ’ ಅಂದರು ಮಾಸ್ತರ.
ಅಲ್ಲಿಗೆ ಒಯ್ದು ನಿಲ್ಲಿಸಿದೆ.
‘ಹೂಂ, ಬರಿ.’
ಬೆರಳ ಎತ್ತಿ ಕುಂತೆ.
‘ನನ್ನ ಬಾಜೂಕ ಕೂಡತಿದ್ದಳು. ಮೂಗಿನಾಗ ಬೇವಿನ ಕಡ್ಡಿ.
ಪಾಟಿ ಉಗುಳಿಲೆ ಒರಸತಿದ್ದಳು, ಬೈಸಕೋತಿದ್ದಳು.
ಹೆಸರ…’
ಪರದೇದಾಗಿನ ಗೀಟು ಮಿಣಕತಿತ್ತು.
ಮಿಣಕತಿತ್ತು.
ಇಷ್ಟ ದಿನಾ ನಾವು ಅದರ ಹಾದಿ ನೋಡೇವಿ.

ಚಾಂದಸಾಬ ಸ್ಕ್ರೂಡ್ರೈವರ ಕಿಸೇಕ ಸಿಗಿಸಿಕೊಂಡು
ತೆಗದ ಪಟ್ಟಿ ಮೇಜಿನ ಮ್ಯಾಲ ಇಟ್ಟ ಹೋದ.
ಹಸರ ಪಟ್ಟಿ, ಎಂಟ ಕರೇ ಚೌಕ.
ಮೂಸಿ ನೋಡಿದೆ. ಹಿಟ್ಟಿನ ವಾಸನಿ.

‘ಸರ್, ಲೈಟ ಹೋಗೂ ವ್ಯಾಳ್ಯಾ ಆತು.’
ಬಾಜೂಕ ಗಿರಣಿಯವ ಕಡೀ ಡಬ್ಬಿ ಸುರವತಿದ್ದ.
‘ತಡೀ ತಂಗಿ, ನಾಲಿಗಿ ತುದಿಗದ’ ಅಂದರು.

ನಂಬರ ಹಾಕಿದೆ, ಹದಿನೇಳು.
ಮುಂದ ಜಾಗಾ ಬಿಟ್ಟೆ,
ಸೇವ್ ಒತ್ತಿದೆ.