ಪಾಳಿ

ನಾಲ್ಕೂಕಾಲಿಗೆ ನೀರಿನ ಮೇಲೆ ಉಗುರು ದಪ್ಪದ ಹಿಮ.
ಅದು ಬಿರಿಯುವುದೂ ಕೇಳಿಸಿದೆ ಡಬ್ಬಿಗೆ,
ಜೊಂಡಿನ ದಂಟಿಗೆ ನಾನೇ ಕಟ್ಟಿಬಂದ ಮುಷ್ಟಿಯಷ್ಟು ಡಬ್ಬಿಗೆ.
ಹನ್ನೆರಡು ದಿನ ಅದು ಕೇಳಿತು. ಈಗ ನನ್ನ ಸರದಿ:
ಪೂನೋ ಪೇಟೆಯ ಬಾಡಿಗೆ ಕೋಣೆ, ಕಿವಿಗೆ ಹೆಡ್‌ಫೋನು,
ಕಾಲಿಗೆ ಒಂದರ ಮೇಲೊಂದು ಎರಡು ಜೊತೆ ಉಣ್ಣೆ ಚೀಲ,
ಮುಂದೆ ಗೀಟು ಹಾಕಿದ ಹಾಳೆ.
ಯಾರು, ಎಷ್ಟೊತ್ತಿಗೆ, ಎಷ್ಟು ಸಲ.

ಮೊದಲು ಬಾಯಿ ತೆರೆಯುವವನು ಜೊಂಡುಗುಬ್ಬಿ.
ಹಾಡೆನ್ನಲಾರೆ. ಕಲ್ಲಿಗೆ ಕಲ್ಲು ತಾಗಿದಂತೆ ಟಕ್, ಟಕ್,
ಕತ್ತಲಲ್ಲಿ ಯಾರೋ ಬೀಗದ ಕೈ ತಡಕುತ್ತಿರುವಂತೆ.
ಅವನ ಪಾಲು ನೀರಿನಿಂದ ಗೇಣು ಮೇಲಿನವರೆಗೆ:
ಕೊಳೆತ ಎಲೆ, ಹುಳ,
ಕೆಸರು ಮೆತ್ತಿ ಒಣಗಿಸಿದ ಕುಡಿಕೆಯಂಥ ಮನೆ.

ಬಿಸಿಲು ಬಂದ ಮೇಲೆ ಏಳುಬಣ್ಣದವಳು.
ಎಣಿಸಿದರೆ ಆರೇ ಸಿಗುತ್ತವೆ;
ಏಳನೆಯದು ಹಾರುವಾಗ ಕಾಣುತ್ತದೆಂದು ಮಕ್ಕಳ ವಾದ.
ಅವಳದು ನಡುದಂಟು, ಎದೆಮಟ್ಟದ ಗಾಳಿ.
ತುದಿಯಲ್ಲಿ, ಹೂಗೊಂಚಲ ಬಳಿ ಬಳುಕುತ್ತ,
ಹೆಗಲಿಗೆ ಹಳದಿ ಪಟ್ಟಿಯ ಕರಿಹಕ್ಕಿ.
ಯಾರೂ ಬೇಲಿ ಹಾಕಿಲ್ಲ, ಯಾರೂ ಪತ್ರ ಬರೆಸಿಲ್ಲ.
ಆದರೂ ಆರೂ ಹತ್ತರಿಂದ ಕಾಲು ಗಂಟೆ
ಮೂವರೂ ಒಮ್ಮೆಗೇ ಶುರುವಿಟ್ಟುಕೊಳ್ಳುತ್ತಾರೆ,
ಸಂತೆಯ ಬಸ್ಸಿಗೆ ಮುಗಿಬಿದ್ದವರ ಹಾಗೆ.
ಆಗ ನನ್ನ ಪೆನ್ಸಿಲು ಸೋಲುತ್ತದೆ. ಹಾಳೆ ತುಂಬ ಮಸಿ.

ಮತ್ತೆ ಒಂದೊಂದೇ ತೆಳುವಾಗುತ್ತ
ಹನ್ನೊಂದರ ಹೊತ್ತಿಗೆ ಬರೀ ಬಿಸಿಲು. ಬಿಸಿಲಿಗೂ ಸದ್ದಿದೆ ಇಲ್ಲಿ:
ದಂಟು ಒಣಗುವ ಚಿಟಿಚಿಟಿ.
ಅಷ್ಟು ಎತ್ತರ ಇದು; ಉಸಿರನ್ನೂ
ಪಾಲು ಮಾಡಿ ಬಳಸಬೇಕು.

ಹಕ್ಕಿಗಳ ನಡುವೆ ಒಂದು ದೋಣಿ ಬರುತ್ತದೆ.
ವಿಲಾಕೋತದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ:
ಬೆಳಿಗ್ಗೆ ಜೊಂಡು ಕೊಯ್ಯುವವಳು ಇಲಾರಿಯಾ,
ಮಧ್ಯಾಹ್ನದ ಮೇಲೆ ತಂಗಿ ಬಸೀಲಿಯಾ.
ಅಪ್ಪ ಬಿಟ್ಟುಹೋದದ್ದು ಒಂದು ತುಂಡು ಜೊಂಡು, ಒಂದು ದೋಣಿ, ಒಂದೇ ಗಳ.
ಮಾತು ನಿಂತು ಒಂಬತ್ತು ವರ್ಷ.
ಒಂದು ಹೆಣ್ಣು ಲಾಮಾ, ಒಂದು ಮದುವೆಯೂಟ,
ಯಾರೋ ಏನೋ ಅಂದರಂತೆ. ಯಾರು, ಏನು, ಈಗ ಅವರಿಗೇ ಸರಿಯಾಗಿ ನೆನಪಿಲ್ಲ;
ನೆನಪಿಲ್ಲದ್ದನ್ನು ಬಿಟ್ಟುಕೊಡುವುದು ಇನ್ನೂ ಕಷ್ಟ.

ಹನ್ನೆರಡೂ ಐದಕ್ಕೆ ದೋಣಿ ಕೈ ಬದಲಾಗುತ್ತದೆ.
ಗಳ ಕಲ್ಲಿಗೆ ಒರಗುತ್ತದೆ. ಒಂದು ಕೆಮ್ಮು.
ಮೂರು ಸುತ್ತಿನ ಲಂಗ ಒದ್ದೆ ಮೆಟ್ಟಿಲು ಹತ್ತುತ್ತದೆ,
ಇನ್ನೊಂದು ಲಂಗ ಇಳಿಯುತ್ತದೆ.
ಗಳ ಮತ್ತೆ ನೀರಿಗೆ.
ಹನ್ನೊಂದು ದಿನ ಹೀಗೇ. ಇದಕ್ಕೆ ನನ್ನ ಹಾಳೆಯಲ್ಲಿ ಸಾಲಿಲ್ಲ;
ಬೆರಳು ಒತ್ತಿ ಮುಂದಕ್ಕೆ ಓಡಿಸುತ್ತಿದ್ದೆ.

ಹನ್ನೆರಡನೆಯ ದಿನ ಓಡಿಸಲು ಮರೆತೆ,
ಚಹಾ ಉಕ್ಕುತ್ತಿತ್ತು.
ಗಳ. ಕೆಮ್ಮು. ಲಂಗ. ಆಮೇಲೆ, ಐಮಾರಾದಲ್ಲಿ,
ನನ್ನಜ್ಜಿಯ ಮಾತು ಅದು, ನನಗೆ ಅರ್ಧ ಬರುತ್ತದೆ:

‘ಮೂತಿ ನೀರು ಕುಡಿದಿದೆ. ಹಿಂದಕ್ಕೆ ಕೂತುಕೋ.’

ಅಷ್ಟೆ. ಯಾರ ಮುಖಕ್ಕೆ ಹೇಳಿದ್ದೂ ಅಲ್ಲ,
ಬಹುಶಃ ದೋಣಿಗೇ ಹೇಳಿದ್ದು.
ಒಂಬತ್ತು ಸೆಕೆಂಡು ಏನೂ ಇಲ್ಲ. ಎಣಿಸಿದ್ದೇನೆ.
ಆಮೇಲೆ ದೋಣಿಯ ಹಿಂಬದಿ ನೀರಿಗೆ ತಗ್ಗುವ ಸದ್ದು,
ಒಬ್ಬಳ ಭಾರದಷ್ಟು.

ಮೂರು ಸಲ ಕೇಳಿದೆ. ಚಹಾ ಆರಿತು.
ಮೇಷ್ಟ್ರಿಗೆ ನಾಳೆ ಹಾಳೆ ಒಪ್ಪಿಸಬೇಕು,
ಅವರು ಒಂದೊಂದು ಖಾಲಿ ಮನೆಗೂ ಲೆಕ್ಕ ಕೇಳುವವರು.
ಹನ್ನೆರಡೂ ಏಳು, ಹನ್ನೆರಡನೆಯ ದಿನ, ಷರಾ:
ಗಾಳಿ, ಎಂದು ಬರೆದೆ.

ಅವತ್ತು ಮಧ್ಯಾಹ್ನ ಗಾಳಿ ಇರಲಿಲ್ಲ.
ಕೆಳಗೆಲ್ಲೋ, ಅವನ ಹೊತ್ತಲ್ಲದ ಹೊತ್ತಿನಲ್ಲಿ,
ಜೊಂಡುಗುಬ್ಬಿ ಎರಡು ಸಲ ಕುಟ್ಟಿ ಸುಮ್ಮನಾಯಿತು.