ಅಂಟು

ಚಳವಳಿಯಲ್ಲಿ ನನ್ನ ಪಾಲಿಗೆ ಬಂದದ್ದು ಬಕೆಟ್ಟು.
ಭಾಷಣ ಕೆಂಪರಾಚನಿಗೆ, ತಮಟೆ ಜವರಯ್ಯನಿಗೆ,
ಕಲೆಕ್ಟರಿಗೆ ಇಂಗ್ಲಿಷಿನ ಮನವಿ ಬರೆಯುವುದು
ಎಂ.ಎ. ಓದುತ್ತಿದ್ದ ಸಿದ್ದಲಿಂಗುವಿಗೆ.
ನಾನು ಮೊದಲ ವರ್ಷದ ಬಿಎಸ್ಸಿ, ಮೀಸೆ ಬಾರದವನು.
ಅಂಟು ಕಾಯಿಸುವವನು.

ಹಾಸ್ಟೆಲಿನ ಮೆಸ್ಸಿನಿಂದ ಎರಡು ಸೇರು ಮೈದಾ,
ಕೆಮಿಸ್ಟ್ರಿ ಲ್ಯಾಬಿನಿಂದ ಜೇಬಿನಲ್ಲಿ ಕದ್ದು ತಂದ ಮೈಲುತುತ್ತ.
ಅದನ್ನು ಬೆರೆಸದಿದ್ದರೆ ಬೆಳಗಾಗುವುದರೊಳಗೆ
ಮಾರ್ಕೆಟ್ಟಿನ ದನ ಬಂದು
ಗೋಡೆಯ ಮೇಲಿನ ನ್ಯಾಯವನ್ನೆಲ್ಲ ಮೇಯುತ್ತವೆ.
ಮೊದಲ ಸಲ ಹಾಗೇ ಆಯಿತು:
ಸಯ್ಯಾಜಿರಾವ್ ರಸ್ತೆಯಲ್ಲೊಂದು ಬಿಳಿ ಹಸು
'ನಾವೂ ಮನುಷ್ಯರು' ಎಂಬುದರಲ್ಲಿ
ಮನುಷ್ಯರನ್ನು ತಿಂದು 'ನಾವೂ' ಬಿಟ್ಟಿತ್ತು.
ಬಿದ್ದು ಬಿದ್ದು ನಕ್ಕೆವು.
"ಅಷ್ಟಿದ್ರೂ ಸಾಕು ಬುಡ್ರಲಾ" ಅಂದ ಕೆಂಪರಾಚ.

ನಾನು ಕಾಯಿಸಿದ್ದೆಲ್ಲ ಗಂಟುಗಂಟು.
ಭಾನುವಾರ ಅಶೋಕಪುರದ ಮನೆಗೆ ಹೋಗಿ ಅವ್ವನನ್ನು ಕೇಳಿದೆ.
ದಿನಕ್ಕೆ ಮೂರು ಸಾವಿರ ಊದುಬತ್ತಿ ಹೊಸೆಯುವವಳು,
ಜಿಗಟು ಮೆತ್ತಿದ ಅಂಗೈಯನ್ನು ಮಣೆಯಿಂದ ಎತ್ತದೆ ಹೇಳಿದಳು:
"ಮೊದ್ಲು ತಣ್ಣೀರಲ್ಲಿ ಕದಡ್ಕಬೇಕು ಕನಪ್ಪ,
ಆಮೇಕೆ ಒಲೆಗೆ. ಕೈ ಬುಡಬ್ಯಾಡ, ತಿರುವ್ತಾನೇ ಇರು."
ತುಸು ಹೊತ್ತು ಬಿಟ್ಟು,
"ದಿನಕ್ಕೇಸು ಕೊಟ್ಟರು?"

ಅಂಟು.
ನಮ್ಮ ಮನೆಯಲ್ಲಿ ಈ ಮಾತಿಗೆ ಎರಡು ಅರ್ಥ.
ಒಂದು ಅವ್ವನ ಕೂಲಿ.
ಇನ್ನೊಂದನ್ನು ಬನ್ನೂರು ದಾರಿಯ ಹೊಂಗೆಕೊಪ್ಪಲಿನಲ್ಲಿ
ಹೋಟೆಲಿನವನು ಹಿತ್ತಿಲ ಗೋಡೆಯ ಮೇಲೆ
ತೆಂಗಿನ ಚಿಪ್ಪುಗಳಾಗಿ ಬೋರಲು ಹಾಕಿದ್ದ.
ಒಳಗೆ ಬೆಂಚಿನ ಮೇಲೆ ಕೂತು ಟೀ ಕೇಳಿದ್ದಕ್ಕೆ
ಚಿಕ್ಕಮರಿಯ ತೋಳು ಮುರಿದಿತ್ತು.
ದೊಡ್ಡಾಸ್ಪತ್ರೆಯ ಮಂಚದಲ್ಲಿ, ನಾವು ತಂದ ಕಿತ್ತಳೆ ಸುಲಿಯಲಾಗದೆ
ಅವನು ಅಂದದ್ದು ಇಷ್ಟೇ:
"ಬೆಲ್ಲದ ಟೀನೋ ಸಕ್ಕರೆದೋ,
ಅದೂ ಗೊತ್ತಾಗ್ನಿಲ್ಲ ಕನ್ರಪ್ಪ."

ಆ ರಾತ್ರಿ ಮುನ್ನೂರು ಪೋಸ್ಟರು.
ಟೌನ್‌ಹಾಲಿನ ಕಾಂಪೌಂಡು, ಲ್ಯಾನ್ಸ್‌ಡೌನ್ ಕಟ್ಟಡದ ಕಂಬಗಳು,
ಅಗ್ರಹಾರದ ಸಿನಿಮಾ ಬೋರ್ಡಿನಲ್ಲಿ
ನಾಯಕಿಯ ಕೆನ್ನೆಯ ಮೇಲೊಂದು
(ಅದಕ್ಕೆ ನನಗೆ ಇಂದಿಗೂ ಬೇಜಾರಿದೆ).
ಮೂರು ಗಂಟೆಗೆ ಹೊಟ್ಟೆ ಚುರುಗುಟ್ಟಿತು.
ಇನ್ನೂ ಬೆಚ್ಚಗಿದ್ದ ಅಂಟು, ಮೈದಾದ ಘಮ,
ಬೆರಳು ಬಾಯಿಗಿಡುವಷ್ಟರಲ್ಲಿ
ಜವರಯ್ಯ ಕೈಗೆ ಹೊಡೆದ: "ವಿಷ ಕಲಾ!"
ಹೊಡೆದ ಕೈ ನನ್ನ ಕೈಗೆ ಅಂಟಿತು.
ಬಿಡಿಸಿಕೊಳ್ಳುತ್ತಿರುವಾಗಲೇ ಜೀಪು ಬಂತು.

ಠಾಣೆಯಲ್ಲಿ ಹತ್ತು ಬೆರಳಿಗೂ ಮಸಿ ಬಳಿದು ಒತ್ತಿಸಿದರು.
ಕಾಗದದ ಮೇಲೆ ಒಂದು ಗೆರೆಯೂ ಇಲ್ಲ,
ಬರೀ ಹತ್ತು ಕಪ್ಪು ಬೊಟ್ಟು:
ಒಣಗಿದ ಅಂಟು ರೇಖೆಗಳನ್ನೆಲ್ಲ ಮುಚ್ಚಿತ್ತು.
"ಯಾರ್ಲಾ ನೀನು, ಗುರುತೇ ಇಲ್ವಲ್ಲ" ಎಂದ ರೈಟರು.
ಮನೆ ಎಲ್ಲಿ ಎಂದ. ಹೇಳಿದೆ.
ಗುರುತು ಸಿಕ್ಕಿತು ಅವನಿಗೆ.

ನಸುಕಿನಲ್ಲಿ ಒಬ್ಬ ಪೇದೆ ನೀರು ತಂದ.
ಕೈತೊಳೆಯಲು ಮೇಲಿನಿಂದ ಹುಯ್ದ.
ಕುಡಿಯಲು ನಾನು ಬೊಗಸೆಯೊಡ್ಡಿದೆ.
ಯಾರೂ ಹೇಳಿರಲಿಲ್ಲ, ಕೈಗಳೇ ಒಡ್ಡಿಕೊಂಡವು.
ಅವನು ಹುಯ್ಯಲಿಲ್ಲ.
ಬಾಗಿಲ ಕಡೆ ಒಮ್ಮೆ ನೋಡಿ
ತಾನು ಕುಡಿಯುವ ಲೋಟವನ್ನೇ ಒದ್ದೆ ಕೈಗೆ ತುರುಕಿದ.
ಯಾರ ಪೈಕಿ ಎಂದು ನಾನು ಕೇಳಲಿಲ್ಲ.
ಬಾಯಿ ತಾಗಿಸಿಯೇ ಕುಡಿದೆ.

ಹಾಜರಾತಿ ಸಾಲದೆ ಆ ವರ್ಷ ಪ್ರಾಕ್ಟಿಕಲ್ ಹೋಯಿತು.
ಮರುವರ್ಷ ಗುರುತಿಸಲು ಕೊಟ್ಟ ಉಪ್ಪು ನೀಲಿ.
ನೋಡಿದೊಡನೆ ಗೊತ್ತಾದರೂ
ಗೊತ್ತಿಲ್ಲದವನಂತೆ ಎಲ್ಲ ಪರೀಕ್ಷೆ ಮಾಡಿ ಬರೆದೆ.

ಚಿಕ್ಕಮರಿ ಒಂದು ಸಂಜೆ ಹಾಸ್ಟೆಲಿಗೆ ಬಂದ.
ತೋಳು ಸೊಟ್ಟಗೆ ಕೂಡಿಕೊಂಡಿತ್ತು.
"ಚಿಪ್ಪು ತಗದವ್ರೆ" ಅಂದ.
"ಈಗ ಗಾಜಿನ ಲೋಟ. ನಮ್ಮವಕ್ಕೆ
ತಳದಲ್ಲಿ ಕೆಂಪು ಬೊಟ್ಟು ಇಕ್ಕವ್ರೆ."
ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚಿ,
ಅರ್ಧ ಸೇದಿ, ಆಮೇಲೆ:
"ಬೆಲ್ಲದ್ದೇ ಕನಪ್ಪ."

ಬಕೆಟ್ಟಿನ ತಳದಲ್ಲಿ ಹಳೆಯದು ಗಟ್ಟಿಯಾಗಿ ಕೂತಿತ್ತು.
ತಣ್ಣೀರು ಹಾಕಿ ನೆನೆಯಲಿಟ್ಟೆ.